ಮೆಟ್ಟಿಲು ಇಳಿದರೆ ಹಸಿರಾಗುವ ನೀರು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಒಬ್ಬ ಅವ್ವ. ಬಸಲಿಂಗಮ್ಮ ಎಂಬ ಹೆಸರು ಅವಳಿಗೂ ಅರ್ಧ ಮರೆತುಹೋಗಿತ್ತು. ಎಲ್ಲರಿಗೂ ಅವಳು ಅವ್ವ.

ತಿಪ್ಪೇಶ ಅವಳ ಹತ್ತಿರ ಬಂದು ಎರಡು ವರ್ಷವಾಗಿತ್ತು. ಮೊದಲು ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಹಾಯಕನಾಗಿದ್ದ. ವಯಸ್ಸು ಮೂವತ್ತೈದು. ಗದ್ದಲ ಎಂದರೆ ಆಗುತ್ತಿರಲಿಲ್ಲ. ಪಕ್ಕದಲ್ಲಿ ಯಾರಾದರೂ ಹಪ್ಪಳ ಮುರಿದರೂ ಮುಖ ಸಿಂಡರಿಸುತ್ತಿದ್ದ.

ಅವನಿಗೆ ಒಂದೇ ಆಸೆ. ಆಶ್ರಮದ ಹಿಂದೆ ಮೌನದ ಕೋಣೆ ಇತ್ತು. ಅದರೊಳಗೆ ನಲವತ್ತು ದಿನ ಬಾಗಿಲು ಹಾಕಿಕೊಂಡು ಕೂರಬೇಕು. ಅವ್ವ ಹೂಂ ಅನ್ನದೆ ಅಲ್ಲಿ ಯಾರೂ ಕೂರುವಂತಿರಲಿಲ್ಲ.

“ಅವ್ವಾ, ಈ ಸಲವಾದರೂ ಅಪ್ಪಣೆ ಕೊಡಿ.”

“ಕೋಣೆಗೇನು ಕಾಲಿದೆಯಾ ಓಡಿಹೋಗೋಕೆ? ಮೊದಲು ಇವುಗಳನ್ನ ನೋಡ್ಕೊ.”

ಇವುಗಳು ಎಂದರೆ ಏಳು ಪುಟ್ಟ ಮೀನು. ವರ್ಗವಾಗಿ ಹೋದ ಡಾಕ್ಟರೊಬ್ಬರು ಗಾಜಿನ ತೊಟ್ಟಿಯ ಸಮೇತ ಆಶ್ರಮಕ್ಕೆ ಬಿಟ್ಟುಹೋಗಿದ್ದರು. ತೊಟ್ಟಿ ಒಂದು ಟ್ರಂಕಿನಷ್ಟು ದೊಡ್ಡದು. ಒಳಗೆ ಗುಳ್ಳೆ ಬಿಡುವ ಸಣ್ಣ ಮೋಟರು.

“ಒಂದು ತಿಂಗಳು ಏಳೂ ಸುಖವಾಗಿದ್ದರೆ ಕೋಣೆ ನಿನ್ನದು,” ಎಂದಳು ಅವ್ವ. “ಒಂದು ಸತ್ತರೂ ಬರೋ ವರ್ಷ ಬಂದು ಕೇಳು.”

ತಿಪ್ಪೇಶ ತೊಟ್ಟಿಯನ್ನು ಧ್ಯಾನದ ಹಜಾರದ ಮೂಲೆಯಲ್ಲಿ ಇಟ್ಟ.

ಮೂರನೆಯ ದಿನವೇ ಮೋಟರಿನ ಬುಳುಬುಳು ಸದ್ದು ಅವನ ಜಪಕ್ಕೆ ಅಡ್ಡ ಬಂತು. ನಿಲ್ಲಿಸಿದ. ಧೂಳು ಬೀಳದಿರಲಿ ಎಂದು ಬಾಯಿಗೆ ಸರಿಯಾಗಿ ಕೂರುವ ಗಾಜು ಮುಚ್ಚಿದ. ನೀರು ಕನ್ನಡಿಯ ಹಾಗೆ ನಿಂತಿತು.

ಎಷ್ಟು ಶಾಂತ, ಎಂದುಕೊಂಡ. ಮೀನುಗಳಿಗೂ ಧ್ಯಾನ ಹತ್ತಿತೆಂದು ಅವನಿಗೆ ಖುಷಿಯಾಯಿತು.

ಎರಡು ವಾರ ಕಳೆಯುವಷ್ಟರಲ್ಲಿ ಮೀನುಗಳು ಮಂಕಾದವು.

ಲ್ಯಾಬಿನವನಲ್ಲವೇ? ತಿಪ್ಪೇಶ ತನ್ನ ಪೆಟ್ಟಿಗೆಯಿಂದ ಪಿಎಚ್ ನೋಡುವ ಔಷಧಿಯ ಸೀಸೆ, ಗಾಜಿನ ಕೊಳವೆ ತೆಗೆದ. ಕೊಳವೆಗೆ ತೊಟ್ಟಿಯ ನೀರು ತುಂಬಿ ಮೂರು ಹನಿ ಬಿಟ್ಟ. ನೀರು ಹದವಾಗಿದ್ದರೆ ಹಸಿರಾಗಬೇಕು. ಹುಳಿಯಾಗಿದ್ದರೆ ಹಳದಿ.

ಹಳದಿಯಾಯಿತು.

ಹುಳಿ ಮುರಿಯುವುದು ಅವನಿಗೆ ಗೊತ್ತಿದ್ದ ವಿದ್ಯೆ. ಅಡುಗೆಮನೆಯಿಂದ ಒಂದು ಚಿಟಿಕೆ ಸೋಡಾ ತಂದು ಹಾಕಿದ. ಸಂಜೆಗೆ ಹಸಿರು. ಎರಡು ದಿನಕ್ಕೆ ಮತ್ತೆ ಹಳದಿ. ಮತ್ತೆ ಚಿಟಿಕೆ. ಮತ್ತೆ ಹಳದಿ.

ಅಡುಗೆಯ ಹಾಲಮ್ಮ ಸೋಡಾದ ಡಬ್ಬಿ ಬಚ್ಚಿಟ್ಟಳು.

“ತಮ್ಮಾ, ನೀನು ಮೀನು ಸಾಕ್ತಿದ್ದೀಯೋ, ಬೋಂಡಾಕ್ಕೆ ಹಿಟ್ಟು ಕಲಸ್ತಿದ್ದೀಯೋ?”

“ನಗಬೇಡ ಅಕ್ಕಾ. ನೀರು ಹುಳಿಯಾಗ್ತಿದೆ.”

“ಹುಳಿಯಾದರೆ ಒಂದಿಷ್ಟು ಬೆಲ್ಲನೂ ಹಾಕು. ಸಾರಾದರೂ ಆಗುತ್ತೆ.”

ಸೋಡಾ ಬಿಟ್ಟು ಅವನು ಹಳೇ ನೀರು ತೆಗೆದು ಹೊಸ ನೀರು ತುಂಬಿದ. ಮೂರೇ ದಿನ. ಮತ್ತೆ ಹಳದಿ.

ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಏಳೂ ಮೀನು ನೀರಿನ ಮೇಲ್ಗಡೆ ಬಾಯಿ ತೆರೆದು ನಿಂತಿದ್ದವು. ಒಂದು ಓರೆಯಾಗಿ ತೇಲುತ್ತಿತ್ತು. ಗಾಜು ತಟ್ಟಿದರೆ ಕಿವಿರು ಆಡಿಸಿತು, ಅಷ್ಟೇ.

ತಿಪ್ಪೇಶನಿಗೆ ಮೊದಲು ಕೋಣೆ ನೆನಪಾಯಿತು. ಮರುಕ್ಷಣ, ಕೋಣೆಯೇ ಮೊದಲು ನೆನಪಾಯಿತಲ್ಲ ಎಂದು ನಾಚಿಕೆಯಾಯಿತು.

ಹನಿ ಹಾಕಿ ನೋಡಿದ. ಹಳದಿ. ಒಂದು ಚೊಂಬು ನೀರು ತೆಗೆದುಕೊಂಡು, ಸೀಸೆ ಕೊಳವೆ ಜೇಬಿಗೆ ಹಾಕಿಕೊಂಡು ಹೊಳೆಗೆ ಓಡಿದ. ಅವ್ವ ಕೆಳಗೆ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಅರವತ್ತು ಮೆಟ್ಟಿಲು. ಚೊಂಬು ತುಳುಕಿ ಪಂಚೆಯೆಲ್ಲ ಒದ್ದೆ.

“ನೋಡಿ ಅವ್ವಾ, ಎಷ್ಟು ಹುಳಿಯಾಗಿದೆ!” ಎನ್ನುತ್ತ ಕೊಳವೆಗೆ ನೀರು ಹಾಕಿ ಹನಿ ಬಿಟ್ಟ.

ಹಸಿರು.

“ಚೆನ್ನಾಗಿದೆಯಲ್ಲೋ,” ಎಂದಳು ಅವ್ವ.

“ಇಲ್ಲ ಅವ್ವಾ! ಮೇಲೆ ಈಗ ತಾನೆ ಹಳದಿ ಇತ್ತು. ಚೊಂಬಿನ ದೋಷ ಇರಬೇಕು.”

ಓಡಿ ಮೇಲೆ ಹೋದ. ತೊಟ್ಟಿಯ ಹತ್ತಿರವೇ ನೋಡಿದ. ಹಳದಿ. ಬೇರೆ ಸ್ಟೀಲಿನ ಚೊಂಬಿನಲ್ಲಿ ನೀರು ಹಿಡಿದು ಮತ್ತೆ ಇಳಿದ. ಏದುಸಿರು ಬಿಡುತ್ತ ಹನಿ ಹಾಕಿದ.

ಹಸಿರು.

ತಿಪ್ಪೇಶ ಕೊಳವೆ ನೋಡಿದ. ಅವ್ವನನ್ನು ನೋಡಿದ. ಅವನ ಕಣ್ಣು ತುಂಬಿ ಬಂತು. ದೊಪ್ಪನೆ ಅವಳ ಒದ್ದೆ ಕಾಲಿಗೆ ಬಿದ್ದ.

“ಏಳೋ. ಏನಾಯ್ತು?”

“ನಿಮ್ಮ ಹತ್ತಿರ ಬಂದರೆ ನೀರೂ ಶುದ್ಧವಾಗುತ್ತೆ ಅವ್ವಾ. ಎರಡು ವರ್ಷ ಜೊತೆಗಿದ್ದೂ ನಿಮ್ಮ ಮಹಿಮೆ ತಿಳೀಲಿಲ್ಲ ನನಗೆ.”

ಅವ್ವ ನಗತೊಡಗಿದಳು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನನಗೂ ತಿಳಿದಿರಲಿಲ್ಲ ಮಾರಾಯ. ಪರೀಕ್ಷೆ ಮಾಡೇಬಿಡೋಣ. ನಾನು ಇಲ್ಲೇ ಕೂತಿರ್ತೀನಿ. ತೊಟ್ಟಿಯಿಂದ ಇನ್ನೊಂದು ಚೊಂಬು ನೀರು ತೆಗೆದು ಹಾಲಮ್ಮನ ಕೈಲಿ ಕೊಟ್ಟು ಅಡುಗೆಮನೆ ಸುತ್ತ ಎರಡು ಸುತ್ತು ಓಡಿಸು. ಆಮೇಲೆ ಹನಿ ಹಾಕು.”

ಹಾಲಮ್ಮ ಮೊದಲು ಒಪ್ಪಲಿಲ್ಲ. ಅವ್ವನ ಮಾತೆಂದ ಮೇಲೆ ಸೀರೆ ಎತ್ತಿ ಕಟ್ಟಿ ಓಡಿದಳು. ದಪ್ಪ ಹೆಂಗಸು. ಚೊಂಬಿನ ನೀರು ಅಲೆಯೆದ್ದು ಕುಣಿಯಿತು.

ಹಸಿರು.

ತಿಪ್ಪೇಶ ಮೆಟ್ಟಿಲ ಮೇಲಿಂದಲೇ ಕೂಗಿದ. “ಅವ್ವಾ, ಹಾಲಮ್ಮನ ಕೈಲೂ ಹಸಿರು!”

“ಹಾಗಾದರೆ ಅವಳ ಕಾಲಿಗೂ ಬೀಳು!”

“ಬೀಳು ತಮ್ಮಾ, ಯಾಕೆ ಹಿಂದೆ ಮುಂದೆ ನೋಡ್ತೀಯ?” ಹಾಲಮ್ಮ ಕಾಲು ಮುಂದೆ ಚಾಚಿ ನಿಂತಳು.

“ಈಗ ಇನ್ನೊಂದು ಮಾಡು,” ಅವ್ವ ಕೆಳಗಿಂದ ಕೂಗಿದಳು. “ಒಂದು ಖಾಲಿ ಸೀಸೆಯನ್ನ ತೊಟ್ಟಿಯೊಳಗೆ ಮುಳುಗಿಸಿ ತುಂಬು. ಕಂಠದ ತನಕ. ಒಳಗೆ ಒಂದು ಗುಳ್ಳೆನೂ ಇರಬಾರದು. ಮುಳುಗಿದ ಹಾಗೇ ಮುಚ್ಚಳ ಬಿಗಿ ಮಾಡಿ ತಗೊಂಡು ಬಾ.”

ಅವನು ಹಾಗೆಯೇ ಮಾಡಿ ಮೆಟ್ಟಿಲು ಇಳಿದು ಬಂದ. ಅವ್ವ ಸೀಸೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ತಲೆ ಸವರಿದಳು. ಆಮೇಲೆ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟಳು.

ತಿಪ್ಪೇಶ ಕೊಳವೆಗೆ ಸುರಿದು ಹನಿ ಹಾಕಿದ.

ಹಳದಿ.

“ಅಯ್ಯೋ,” ಎಂದಳು ಅವ್ವ. “ನನ್ನ ಮಹಿಮೆಯೆಲ್ಲ ಒಂದು ಮುಚ್ಚಳಕ್ಕೆ ಸೋತುಹೋಯ್ತಲ್ಲೋ!”

ತಿಪ್ಪೇಶನಿಗೆ ನಗು ಬರಲಿಲ್ಲ. ಒಂದು ಕೈಯಲ್ಲಿ ಹಳದಿ ಕೊಳವೆ, ಇನ್ನೊಂದು ಕೈಯಲ್ಲಿ ಸೀಸೆ. ಎರಡನ್ನೂ ಬೆಳಕಿಗೆ ಹಿಡಿದು ನೋಡಿದ.

“ಒಂದೇ ತೊಟ್ಟಿಯ ನೀರು,” ಅವ್ವ ಮೆಲ್ಲಗೆ ಕೇಳಿದಳು. “ಚೊಂಬಿನಲ್ಲಿ ಬಂದದ್ದು ದಾರಿಯಲ್ಲಿ ಏನು ಮಾಡ್ತು?”

“ತುಳುಕಿತು.”

“ಸೀಸೆಯಲ್ಲಿ ಬಂದದ್ದು?”

“ಅದಕ್ಕೆ ತುಳುಕೋಕೆ ಜಾಗ ಇರಲಿಲ್ಲ. ಗಾಳಿ ಮುಟ್ಟಲಿಲ್ಲ.”

ಹೇಳುತ್ತಿದ್ದಂತೆ ಅವನ ಮುಖ ಬದಲಾಯಿತು.

“ಅವ್ವಾ! ಏಳು ಮೀನು ಬಿಟ್ಟ ಉಸಿರು ನೀರಲ್ಲೇ ಕರಗಿ ಕೂತಿದೆ. ಇಂಗಾಲದ ಡೈಆಕ್ಸೈಡು. ನೀರನ್ನ ಹುಳಿ ಮಾಡಿದ್ದು ಅದೇ. ತುಳುಕಿದರೆ ಗಾಳಿಗೆ ಹಾರಿಹೋಗುತ್ತೆ. ಮುಚ್ಚಿಟ್ಟರೆ ಎಲ್ಲಿಗೆ ಹೋಗಬೇಕು? ಹೊಸ ಉಸಿರೂ ಒಳಗೆ ಬರಲ್ಲ.”

“ಇದನ್ನ ಯಾರು ಕಲಿಸಿದರು ನಿನಗೆ?”

“ಹನ್ನೊಂದು ವರ್ಷ ಲ್ಯಾಬಿನಲ್ಲಿ ಹುಡುಗರಿಗೆ ನಾನೇ ತೋರಿಸ್ತಿದ್ದೆ,” ಎಂದ ತಿಪ್ಪೇಶ, ತಲೆ ತಗ್ಗಿಸಿ.

“ಸರಿ. ಅಲ್ಲಿ ಮೀನು ಕಾಯ್ತಾ ಇವೆ.”

ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಮುಚ್ಚಿದ್ದ ಗಾಜು ತೆಗೆದ. ಮೋಟರಿನ ಸ್ವಿಚ್ಚು ಒತ್ತಿದ. ಸದ್ದಿಲ್ಲ. ಕರೆಂಟು ಹೋಗಿತ್ತು.

ಚೊಂಬು ಎತ್ತಿಕೊಂಡ. ತೊಟ್ಟಿಯ ನೀರನ್ನೇ ಮೊಗೆದು, ಒಂದು ಗೇಣು ಎತ್ತರದಿಂದ ತೊಟ್ಟಿಗೇ ಸುರಿದ. ಮೊಗೆದ. ಸುರಿದ.

ಅವ್ವ ನಿಧಾನವಾಗಿ ಹತ್ತಿ ಬಂದು ಪಕ್ಕದಲ್ಲಿ ಕೂತಳು. ಅವನ ಕೈ ಸೋತಾಗ ಚೊಂಬು ಇಸಿದುಕೊಂಡಳು. ಅವಳ ಕೈ ಸೋತಾಗ ಹಾಲಮ್ಮ ಇಸಿದುಕೊಂಡಳು.

“ಕಾಫಿ ಆರಿಸಿದ ಹಾಗೆ ಆರಿಸ್ತಿದ್ದೀವಲ್ಲ,” ಎಂದಳು ಹಾಲಮ್ಮ. “ಕುಡಿಯೋರು ಯಾರು?”

“ಮೆಲ್ಲಗೆ ಸುರಿ ಅಕ್ಕಾ, ಮೀನಿನ ತಲೆ ಮೇಲೆ ಬೀಳುತ್ತೆ.”

“ನಿನ್ನ ತಲೆ ಮೇಲೆ ಸುರೀಲಾ?”

ಹೇಳಿದಂತೆ ಸುರಿದೂ ಬಿಟ್ಟಳು. ಧ್ಯಾನದ ಹಜಾರದಲ್ಲಿ ಅಷ್ಟು ಗದ್ದಲ ಯಾವತ್ತೂ ಆಗಿರಲಿಲ್ಲ. ಮೂಗಿನಿಂದ ನೀರಿಳಿಯುತ್ತಿದ್ದ ತಿಪ್ಪೇಶ, ಎರಡು ವರ್ಷದಲ್ಲಿ ಮೊದಲ ಸಲ ಬಾಯಿ ತುಂಬ ನಕ್ಕ. ತನ್ನ ನಗು ಇಷ್ಟು ಜೋರು ಎಂದು ಅವನಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯ ಪಕ್ಕದಲ್ಲೇ ಹನಿ ಹಾಕಿದ. ಹಸಿರು. ಆರು ಮೀನು ಮೇಲ್ಗಡೆ ಬಿಟ್ಟು ಕೆಳಗಿಳಿದವು. ಓರೆಯಾಗಿದ್ದದ್ದು ಮಾತ್ರ ಹಾಗೇ ಇತ್ತು.

“ನೀವು ಊಟ ಮಾಡಿ ಅವ್ವಾ. ನಾನು ಇಲ್ಲೇ ಇರ್ತೀನಿ.”

ಇಳಿಹೊತ್ತಿಗೆ ಕರೆಂಟು ಬಂತು. ಮೋಟರು ಬುಳುಬುಳು ಎಂದಿತು. ಅಷ್ಟರಲ್ಲಿ ಓರೆ ಮೀನು ಒಂದು ಸಲ ಬಾಲ ಬಡಿದು ನೆಟ್ಟಗಾಗಿ, ಉಳಿದವುಗಳ ನಡುವೆ ಸೇರಿಕೊಂಡಿತು. ಯಾವುದು ಅದು ಎಂದು ತಿಪ್ಪೇಶನಿಗೆ ಆಮೇಲೆ ಗುರುತೇ ಹತ್ತಲಿಲ್ಲ.

ಅವ್ವ ಗುಳ್ಳೆ ನೋಡುತ್ತ ಕೇಳಿದಳು. “ಇದು ನೀರಿಗೆ ಏನು ಕೊಡುತ್ತೋ?”

“ಗುಳ್ಳೆ ತಾನಾಗಿ ಕೊಡೋದು ಕಡಿಮೆ ಅವ್ವಾ. ತಳದ ನೀರನ್ನ ಮೇಲಕ್ಕೆ ತರುತ್ತೆ, ಮೇಲ್ಗಡೆ ಒಡೆದು ಕದಡುತ್ತೆ. ಕೊಡೋದು ತಗೊಳ್ಳೋದು ಎಲ್ಲ ನಡೆಯೋದು ಅಲ್ಲಿ, ನೀರು ಗಾಳಿ ಮುಟ್ಟೋ ಕಡೆ.”

“ನಿನ್ನ ಜಪಕ್ಕೆ ಅಡ್ಡಿ?”

“ಸದ್ದು ಇದೆ,” ಎಂದ ತಿಪ್ಪೇಶ ಸ್ವಲ್ಪ ಹೊತ್ತು ಕಿವಿಗೊಟ್ಟು. “ಇರಲಿ ಬಿಡಿ.”

ತೊಟ್ಟಿಯ ಬಾಯಿಗೆ ಗಾಜಿನ ಬದಲು ಸೊಳ್ಳೆಪರದೆಯ ತುಂಡು ಕಟ್ಟಿದ.

ತಿಂಗಳು ತುಂಬಿತು. ಏಳೂ ಮೀನು ಸುಖವಾಗಿದ್ದವು. ತಿಪ್ಪೇಶ ಕೋಣೆಯ ಮಾತೆತ್ತಲಿಲ್ಲ. ಒಂದು ಬೆಳಿಗ್ಗೆ ಅವ್ವನೇ ಬಂದು ಕೋಣೆಯ ಬಾಗಿಲು ತೆರೆದು, ಕಸ ಗುಡಿಸಿ, ಚಾಪೆ ಹಾಸಿದಳು.

“ಬಾ, ಕೂರು. ಹೇಳಿದ ಮಾತು ಹೇಳಿದ್ದೇ.”

ಅವನು ಹೊಸ್ತಿಲ ಮೇಲೆ ಅನುಮಾನಿಸುತ್ತ ನಿಂತ.

“ಆಸೆ ಇನ್ನೂ ಇದೆ ಅವ್ವಾ, ಸುಳ್ಳು ಹೇಳಲ್ಲ. ಆದರೆ ತೊಟ್ಟಿಗೆ ಮುಚ್ಚಿದ್ದ ಗಾಜು ನೆನಪಾಗಿ ಭಯ ಆಗ್ತಿದೆ. ಬಾಗಿಲು ಹಾಕ್ಕೋಬಹುದಾ?”

“ಧಾರಾಳವಾಗಿ ಹಾಕ್ಕೊ,” ಎಂದಳು ಅವ್ವ. “ದಿನಕ್ಕೊಂದು ಸಲ ನಾನು ಕಿಟಕಿ ಹತ್ತಿರ ಬಂದು ನಿನ್ನ ನಗಿಸ್ತೀನಿ. ನೀನು ನಗದ ದಿನ ಬಾಗಿಲು ಒಡೀತೀನಿ.”