ತಂಬಿಗೆ ಬಳಗ ಸೇರಿದ ಬಟ್ಟೆ ವ್ಯಾಪಾರಿ

"ಅಜ್ಜಾರ, ದಾನ ಮಾಡಾಕ ಜೋಡಿ ಯಾಕ ಬೇಕ್ರಿ?" ಎಂದು ಮುರಿಗೆಪ್ಪ ಮಠದ ಗುರುಗಳನ್ನು ಕೇಳಿದ.

ಮಠದ ಶಿಷ್ಯರೆಲ್ಲ ಕೂಡಿ ಸೇವೆಗೆಂದು ಒಂದು ಬಳಗ ಕಟ್ಟಿದ್ದರು. ಅವನನ್ನೂ ಕರೆದಿದ್ದರು. ಅವನಿಗೆ ಮನಸ್ಸಿರಲಿಲ್ಲ. "ನೇಮ, ಆಣಿ, ಕೂಡಿ ಊಟ, ಕೂಡಿ ಕೆಲಸ... ಇದೆಲ್ಲಾ ಯಾಕ? ನನ್ನ ಪಾಲಿನ ಸೇವಾ ನಾ ಒಬ್ಬನ ಮಾಡ್ಕೋತ ಇದ್ರ ದೇವರು ಬ್ಯಾಡ ಅಂತಾನೇನ್ರಿ?"

ಗುರುಗಳು ನಕ್ಕರು. ಗೋಡೆಗೊರಗಿ ಕಾಲು ಚಾಚಿದರು. ಹಳೆಯದೇನಾದರೂ ನೆನಪಾದರೆ ಅವರು ಹೀಗೆಯೇ ಕೂರುತ್ತಿದ್ದರು. ಆಮೇಲೆ ಒಬ್ಬ ಬಟ್ಟೆ ವ್ಯಾಪಾರಿಯ ಕತೆ ಹೇಳಿದರು.

ಅದು ಪೇಟೆಯ ಊರು. ಅಲ್ಲಿಂದ ಮುಂದಿನ ಪೇಟೆಗೆ ಹೋಗುವ ದಾರಿ ಬರೀ ಬಯಲು. ನಡುವೆ ಒಂದು ಮರವಿಲ್ಲ, ಒಂದು ಬಾವಿಯಿಲ್ಲ. ಬೇಸಿಗೆಯಲ್ಲಿ ಆ ದಾರಿ ಹಿಡಿದವನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆದರೆ ಅರ್ಧ ದಾರಿಯಲ್ಲಿ ಒಂದು ಅರವಟ್ಟಿಗೆ ಇತ್ತು. ದಾರಿಹೋಕರಿಗೆ ನೀರು ಕೊಡುವ ಚಪ್ಪರ ಅದು. ನಡೆಸುತ್ತಿದ್ದವರು ತಂಬಿಗೆ ಬಳಗದವರು.

ಬಳಗವೆಂದರೆ ಅದೇ ಊರಿನ ಕುಂಬಾರ, ಅಕ್ಕಸಾಲಿ, ಮಾಸ್ತರ, ಗಾಡಿ ಹೊಡೆಯುವವ, ಎಣ್ಣೆ ವ್ಯಾಪಾರಿ, ಇಂಥವರೇ. ಸೇರಿದ ದಿನ ಒಬ್ಬೊಬ್ಬರಿಗೂ ಒಂದು ಹಿತ್ತಾಳೆ ತಂಬಿಗೆ ಸಿಗುತ್ತಿತ್ತು. ಬೇಸಿಗೆಯಲ್ಲಿ ನೀರು ಹೊರುವರು. ಮಳೆ ಬರುವ ಮುಂಚೆ ದಿಕ್ಕಿಲ್ಲದವರ ಮನೆ ಮಾಳಿಗೆಗೆ ಹೊಸ ಮಣ್ಣು ಹಾಕುವರು. ಊರಿಗೆ ಬಂದ ಪರದೇಶಿ ಸತ್ತರೆ ಹೆಗಲು ಕೊಡುವರು. ಹಿರಿಯ ಕಿರಿಯ ಎನ್ನದೆ ಎಲ್ಲರೂ ಒಬ್ಬರನ್ನೊಬ್ಬರು ಅಣ್ಣ ಎನ್ನುವರು. ಹೊಸಬನನ್ನು ಹೇಗೆ ಸೇರಿಸಿಕೊಳ್ಳುತ್ತಾರೆ ಎಂಬುದೊಂದನ್ನು ಮಾತ್ರ ಹೊರಗಿನವರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಅವರ ಹೆಂಡಂದಿರು ಕೆದಕಿ ಕೆದಕಿ ಸೋತು ಕೈಬಿಟ್ಟಿದ್ದರು.

ಬಟ್ಟೆ ವ್ಯಾಪಾರಿ ಸಂತೆ ಮುಗಿಸಿ ಸಂಜೆ ಗಾಡಿಯಲ್ಲಿ ಬರುವಾಗ ಆ ಚಪ್ಪರ ದಾಟಿಕೊಂಡೇ ಬರಬೇಕು. ಒಳಗಿನಿಂದ ನಗು ಕೇಳುತ್ತಿತ್ತು. ಹೊಟ್ಟೆ ಹಿಡಿದುಕೊಂಡು ನಗುವ ನಗು. ಅವನಿಗೇನು ಕಡಿಮೆಯಿತ್ತು? ಅಂಗಡಿ ತುಂಬ ಗಿರಾಕಿ, ಮನೆ ತುಂಬ ಕಾಳು. ಅಂಗಡಿಯಲ್ಲಿ ಎಲ್ಲರೂ ಅವನನ್ನು ಸಾಹುಕಾರರೇ ಎನ್ನುತ್ತಿದ್ದರು. ಅಣ್ಣ ಎನ್ನುವವರು ಒಬ್ಬರೂ ಇರಲಿಲ್ಲ. ಗಾಡಿ ಚಪ್ಪರ ದಾಟಿದ ಮೇಲೂ ಅವನ ಕಿವಿ ಹಿಂದೆಯೇ ಉಳಿಯುತ್ತಿತ್ತು.

ಇವರೇನು ದೊಡ್ಡ ಕೆಲಸ ಮಾಡುತ್ತಾರೆ, ನಾನೇ ಒಂದು ಅರವಟ್ಟಿಗೆ ಇಟ್ಟರಾಯಿತು ಎಂದುಕೊಂಡ. ಇಟ್ಟ. ಊರಿನ ಆಚೆ ಬದಿಯ ದಾರಿಯಲ್ಲಿ ಒಳ್ಳೆ ಚಪ್ಪರ ಹಾಕಿಸಿದ. ತಾಮ್ರದ ಹಂಡೆ ತರಿಸಿದ. ಬರೀ ನೀರು ಏಕೆಂದು ಶುಂಠಿ ಹಾಕಿದ ಮಜ್ಜಿಗೆ ಮಾಡಿಸಿದ. ಒಬ್ಬ ಆಳು ಇಟ್ಟ. ಜನ ಬಂದರು, ಕುಡಿದರು, ಒಳ್ಳೆಯದಾಗಲಿ ಎಂದು ಹೋದರು. ಸಂಜೆ ಅವನು ಹೋಗಿ ಅಲ್ಲಿ ಕೂರುತ್ತಿದ್ದ. ಆಳು ಎದ್ದು ನಿಲ್ಲುತ್ತಿದ್ದ. ಯಾರೂ ನಗುತ್ತಿರಲಿಲ್ಲ. ಒಂದು ಬೇಸಿಗೆ ಪೂರ್ತಿ ಹೀಗೆ ಕೂತು, ಅವನು ಸೋತೆನೆಂದು ಒಪ್ಪಿಕೊಂಡ. ಬಳಗದ ಹಿರಿಯನ ಬಳಿ ಹೋಗಿ ತನ್ನನ್ನೂ ಸೇರಿಸಿಕೊಳ್ಳಿ ಎಂದ.

ಕೇಳುವಾಗ ಅವನಿಗೆ ಒಂದೇ ಅಳುಕು. ಬಳಗದಲ್ಲಿ ಎಣ್ಣೆ ವ್ಯಾಪಾರಿ ಇದ್ದ.

ಇಬ್ಬರ ಅಂಗಡಿಯೂ ಎದುರುಬದುರು. ಮಾತು ಬಿಟ್ಟು ವರ್ಷಗಳಾಗಿದ್ದವು. ಒಂದು ಮದುವೆಯ ಚಪ್ಪರದಲ್ಲಿ ಎಣ್ಣೆ ವ್ಯಾಪಾರಿ, ಇವನ ಅಂಗಡಿಯ ಧೋತರ ಒಮ್ಮೆ ತೊಳೆದರೆ ಮೊಣಕಾಲಿಗೆ ಏರುತ್ತದೆ, ಎರಡನೇ ಸಲ ತೊಳೆದರೆ ಟವೆಲ್ಲಾಗುತ್ತದೆ ಎಂದು ಚಟಾಕಿ ಹಾರಿಸಿದ್ದ. ಬೀಗರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಅಂದಿನಿಂದ ಇವನು ಎದುರಿನ ಅಂಗಡಿಯ ಕಡೆ ಕತ್ತು ತಿರುಗಿಸಲಿಲ್ಲ. ಅವನ ಎಣ್ಣೆಯಲ್ಲಿ ಎಣ್ಣೆಗಿಂತ ನೀರೇ ಹೆಚ್ಚು ಎಂದು ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ಬಂದ. ಒಬ್ಬ ಬಾಗಿಲು ತೆಗೆಯುವಾಗ ಇನ್ನೊಬ್ಬ ಬೆನ್ನು ತೋರಿಸುವುದು ಬೀದಿಗೆಲ್ಲ ರೂಢಿಯಾಗಿತ್ತು. ವಯಸ್ಸಾದ ಗಂಡಸರ ಬಹಳಷ್ಟು ಜಗಳಗಳು ಇಷ್ಟೇ ದೊಡ್ಡವು.

ಸೇರುವ ದಿನ ಬಂತು. ನಡು ಮಧ್ಯಾಹ್ನ. ಬಟ್ಟೆ ವ್ಯಾಪಾರಿಗೆ ಊರಿನಿಂದ ಬರಿಗಾಲಲ್ಲಿ ನಡೆದು ಬರಲು ಹೇಳಿದ್ದರು. ದಾರಿಯಲ್ಲಿ ನೀರು ಮುಟ್ಟುವ ಹಾಗಿರಲಿಲ್ಲ. ಬಂದವನನ್ನು ಚಪ್ಪರದ ಹೊರಗೆ ಬಿಸಿಲಲ್ಲೇ ಕುಕ್ಕರಗಾಲಲ್ಲಿ ಕೂರಿಸಿ, ದಾರಿಹೋಕನ ಹಾಗೆ ಬೊಗಸೆ ಒಡ್ಡು ಎಂದರು. ಅವನು ಒಡ್ಡಿದ. ಹಿರಿಯ ಬಂದು ನೀರು ಹಾಕುತ್ತಾನೆ ಎಂದುಕೊಂಡಿದ್ದ. ತಂಬಿಗೆ ಹಿಡಿದು ಬಂದವನು ಎಣ್ಣೆ ವ್ಯಾಪಾರಿ.

ಬಳಗದ ಗುಟ್ಟು ಇದೇ ಆಗಿತ್ತು. ಹೊಸಬನಿಗೆ ಬಳಗದೊಳಗೆ ಯಾರ ಜೊತೆ ಮಾತಿಲ್ಲವೋ ಅವನ ಕೈಯಿಂದಲೇ ಮೊದಲ ನೀರು.

ಹಿರಿಯ ಹೇಳಿದ: "ಹಾಕಾಂವ ಒಲ್ಲೆ ಅನ್ನಬಹುದು, ಕುಡಿಯಾಂವ ಒಲ್ಲೆ ಅನ್ನಬಹುದು. ಯಾಕ ಅಂತ ನಾವು ಕೇಳಂಗಿಲ್ಲ. ಒಲ್ಲೆ ಅಂದ್ರ ಸೇರಿಸ್ಕೊಳ್ಳಾಂಗೂ ಇಲ್ಲ."

ಬಟ್ಟೆ ವ್ಯಾಪಾರಿಯ ಮುಖಕ್ಕೆ ರಕ್ತ ನುಗ್ಗಿತು. ಇವನ ಮುಂದೆ ಕೈಯೊಡ್ಡಿ ಕೂರುವುದೇ? ಎದ್ದುಬಿಡೋಣ ಎನ್ನಿಸಿತು. ಎದ್ದರೆ ಮತ್ತೆ ಅದೇ ಸಂಜೆ, ಅದೇ ಗಾಡಿ, ಅದೇ ದೂರದ ನಗು. ಸಾಯುವ ತನಕ ಅದನ್ನು ಹೊರಗಿನಿಂದಲೇ ಕೇಳಬೇಕು. ಗಂಟಲು ಒಣಗಿ ಉರಿಯುತ್ತಿತ್ತು. ಒಡ್ಡಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ, ಮುಂದಕ್ಕೂ ಚಾಚಲಿಲ್ಲ. ಬೊಗಸೆ ಸಡಿಲವಾಯಿತು. ಎಣ್ಣೆ ವ್ಯಾಪಾರಿ ತಂಬಿಗೆ ಹಿಡಿದು ನಿಂತೇ ಇದ್ದ. ಅವನು ಒಲ್ಲೆ ಎಂದರೆ ಮುಗಿಯಿತು. ಎನ್ನುತ್ತಾನೆ ಎಂದೇ ಇವನಿಗೆ ಖಾತ್ರಿ. ತಾನಾಗಿದ್ದರೆ ಎನ್ನುತ್ತಿದ್ದೆ ಎಂಬುದೂ ಆ ಗಳಿಗೆಯಲ್ಲಿ ಅವನಿಗೆ ಹೊಳೆಯಿತು, ನಾಚಿಕೆಯಾಯಿತು.

ಎಣ್ಣೆ ವ್ಯಾಪಾರಿ ಬಗ್ಗಿದ. ಬೊಗಸೆಗೆ ನೀರು ಹಾಕುವವನು ಬಗ್ಗದೆ ಆಗುವುದಿಲ್ಲ. "ಬೊಗಸಿ ಬಿಗಿ ಹಿಡಿಯೋ ಮಾರಾಯ. ಹಿಂಗ ಹಿಡದ್ರ ನೀರು ನಿಲ್ತಾವೇನು?" ಎಂದ.

ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು ಅದು. ಬಟ್ಟೆ ವ್ಯಾಪಾರಿ ಕೈ ಬಿಗಿ ಮಾಡಿದ, ತಲೆ ಬಾಗಿಸಿ ಕುಡಿದ. ಕಣ್ಣಲ್ಲೂ ನೀರು ಬಂದು ಕೈ ಮತ್ತೆ ಸಡಿಲಾಯಿತು, ಅರ್ಧ ನೀರು ಬೆರಳ ಸಂದಿಯಲ್ಲಿ ಹರಿದು ಧೋತರದ ಮೇಲೆ ಬಿತ್ತು. ಎಣ್ಣೆ ವ್ಯಾಪಾರಿ ಅದನ್ನೇ ನೋಡುತ್ತಿದ್ದ. ಅವನಿಗೆ ತಡೆಯಲಾಗಲಿಲ್ಲ.

"ಧೋತರ ನೆನೀತ್ರಿ ಅಣ್ಣಾರ! ಮನಿ ಮುಟ್ಟೂದ್ರಾಗ ಮೊಣಕಾಲಿಗೆ ಏರ್ತೈತಿ, ನೋಡ್ಕೋತ ಇರ್ರಿ."

ಎಲ್ಲರಿಗಿಂತ ಮೊದಲು ನಕ್ಕವನು ಬಟ್ಟೆ ವ್ಯಾಪಾರಿ. ಚಪ್ಪರದೊಳಗಿಂದ ಆ ನಗು ಬಂತು, ಅವನು ಗಾಡಿಯಲ್ಲಿ ಕೂತು ಕೇಳುತ್ತಿದ್ದ ಅದೇ ನಗು. ಈಗ ಅವನು ಅದರ ನಡುವೆ ಇದ್ದ.

ಬಳಗದ ಪದ್ಧತಿಯಂತೆ ನೀರು ಹಾಕಿದವನೂ ಕುಡಿದವನೂ ಕೆಲಸದಲ್ಲಿ ಜೋಡಿ. ಇಬ್ಬರೂ ಬೆಳಕು ಹರಿಯುವ ಮುಂಚೆ ಗಾಡಿಗೆ ನೀರಿನ ಪೀಪಾಯಿ ಏರಿಸುತ್ತಿದ್ದರು. ಮಾಳಿಗೆ ಹತ್ತಿ ಮಣ್ಣು ತುಳಿಯುತ್ತಿದ್ದರು. ಹೆಸರು ಗೊತ್ತಿಲ್ಲದವರಿಗೆ ಹೆಗಲು ಕೊಟ್ಟು ಬಂದು, ಒಂದೇ ಬಾವಿಯಲ್ಲಿ ಸ್ನಾನ ಮಾಡಿ, ಯಾರ ಮನೆ ಹತ್ತಿರವೋ ಅಲ್ಲಿ ರೊಟ್ಟಿ ತಿನ್ನುತ್ತಿದ್ದರು. ಜಗಳವೇನೂ ನಿಲ್ಲಲಿಲ್ಲ. ನೀರಿಗೆ ಘಮಕ್ಕೆಂದು ಲಾವಂಚದ ಬೇರು ಹಾಕಬೇಕೋ ಬೇಡವೋ ಎಂಬುದರ ಮೇಲೆ ಬೇಸಿಗೆಯೆಲ್ಲ ಕಚ್ಚಾಡಿದರು. ಆದರೆ ಕಚ್ಚಾಡುವುದಕ್ಕಾದರೂ ಒಬ್ಬ ಬೀದಿ ದಾಟಿ ಇನ್ನೊಬ್ಬನ ಕಟ್ಟೆಗೆ ಬರುತ್ತಿದ್ದ. ಎಂಥ ಚೆಂದದ ದಿನಗಳು ಅವು!

ಒಂದು ದಿನ ಚಪ್ಪರದಲ್ಲಿ ಇಬ್ಬರೇ ಇದ್ದಾಗ ಬಟ್ಟೆ ವ್ಯಾಪಾರಿ ಕೇಳಿದ: "ಅವತ್ತ ನೀ ಒಲ್ಲೆ ಅಂದಿದ್ರ ಯಾರೂ ಏನೂ ಅಂತಿರಲಿಲ್ಲ. ಯಾಕ ಅನ್ನಲಿಲ್ಲ?"

ಎಣ್ಣೆ ವ್ಯಾಪಾರಿ ತಂಬಿಗೆ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ. "ನಾ ಬಳಗ ಸೇರಿದಾಗಿಂದ ನೀ ಎಂದ ಬರ್ತಿ ಅಂತ ಹಾದಿ ಕಾಯಾಕತ್ತಿದ್ದೆ. ನಾನಾಗೇ ಬೀದಿ ದಾಟಿ ನಿನ್ನ ಅಂಗಡಿ ಮೆಟ್ಟಲ ಹತ್ತೂ ಧೈರ್ಯ ನನಗ ಇರಲಿಲ್ಲ. ನೇಮ ಅಂತ ಒಂದಿತ್ತು, ಬಚಾವಾದೆ."

ಬಟ್ಟೆ ವ್ಯಾಪಾರಿ ಇನ್ನೊಂದು ತಂಬಿಗೆ ಎತ್ತಿಕೊಂಡು ಪಕ್ಕದಲ್ಲಿ ತೊಳೆಯಲು ಕೂತ. ಅವನಿಗೂ ಆ ಧೈರ್ಯ ಇರಲಿಲ್ಲ.

ಕಾಲ ಸರಿಯಿತು. ಆ ದಾರಿಗೆ ಡಾಂಬರು ಬಂತು, ಮೋಟಾರು ಬಂದವು, ನಡೆದು ಹೋಗುವವರೇ ಇಲ್ಲವಾದರು. ಚಪ್ಪರದ ಗಳ ಗೆದ್ದಲು ಹಿಡಿದು ಬಿದ್ದವು. ಬಳಗದವರು ಒಬ್ಬೊಬ್ಬರಾಗಿ ಹೋದರು. ಎಣ್ಣೆ ವ್ಯಾಪಾರಿಯೂ ಹೋದ. ಬಟ್ಟೆ ವ್ಯಾಪಾರಿ ಮುದುಕನಾಗಿ ಉಳಿದ. ಊರಿನ ಜನ ಅವನನ್ನು ಕೂರಿಸಿ ಸನ್ಮಾನ ಮಾಡಿದರು. ಎಷ್ಟು ಸಾವಿರ ಜನರ ದಾಹ ತೀರಿಸಿದಿರಿ ಎಂದು ಹೊಗಳಿದರು. ಅವನು ಶಾಲು ಹೊದ್ದು ಸುಮ್ಮನೆ ಕೂತಿದ್ದ. ನೀರು ಕುಡಿದು ಹೋದವರಲ್ಲಿ ಒಬ್ಬನ ಮುಖವೂ ಅವನಿಗೆ ನೆನಪಿರಲಿಲ್ಲ. ಅಲ್ಲಿಂದ ಬಂದು ತನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಕದ ಹಾಕಿದ ಎದುರಿನ ಅಂಗಡಿಯನ್ನು ಕತ್ತಲಾಗುವವರೆಗೂ ನೋಡಿದ. ಅದರ ಕಡೆ ಕತ್ತು ತಿರುಗಿಸದೆ ಕಳೆದ ಅಷ್ಟೂ ವರ್ಷಗಳಿಗಾಗಿ ಅತ್ತ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪ ತಲೆದೂಗಿದ. "ಕತಿ ಚಲೋ ಐತ್ರಿ ಅಜ್ಜಾರ. ಖರೆ, ಆ ವ್ಯಾಪಾರಿಗೆ ಇದ್ದಂಥ ಜಗಳ ನನಗ ಯಾರ ಜೋಡೀನೂ ಇಲ್ಲಲ್ರಿ" ಎಂದ.

ಗುರುಗಳು ಮೆಲ್ಲಗೆ ಕೇಳಿದರು:

"ಹಂಗಾರ ನಿನ್ನೆ ಪಂಕ್ತ್ಯಾಗ ನಿನ್ನ ಮಗ್ಗಲಿಗೆ ಯಾರು ಬಂದು ಕುಂತ್ರು ಅಂತ ಅರ್ಧ ಊಟಕ್ಕ ಎದ್ದೆಪಾ?"