ಬೋರಮ್ಮ ಟೈರು ಮಾರಲು ಹೋದದ್ದು

ಜಗತ್ತಿನಲ್ಲಿ ಮೊಟ್ಟಮೊದಲು ಬೈಕಿಗೆ ಟೈರು ಹಾಕಿಸಿದವನು ನಾನೇ. ಅದಕ್ಕೂ ಮುಂಚೆ ಜನ ಬರೀ ರಿಮ್ಮಿನ ಮೇಲೆ ಕಟಕಟ ಅಂತ ಓಡಾಡುತ್ತಿದ್ದರು. ನಂಬಿದಿರಾ? ಸುಳ್ಳು. ನನ್ನ ಹತ್ತಿರ ಬೈಕೇ ಇಲ್ಲ, ಯಾರದಾದರೂ ಬೆನ್ನ ಹಿಂದೆ ಕೂತು ಹೋಗುವವನು. ಆದರೆ ಹಿಂದೆ ಕೂತವನಿಗೇ ಹಿಂದಿನ ಟೈರಿನ ಕಷ್ಟ ಚೆನ್ನಾಗಿ ಗೊತ್ತಿರುವುದು. ಹಾಗಾಗಿ ಈ ಕಥೆ ಹೇಳುವ ಹಕ್ಕು ನನಗಿದೆ. ಮಕ್ಕಳೇ, ದೊಡ್ಡವರೇ, ಮೊಬೈಲಿನಲ್ಲಿ ಓದುತ್ತಾ ಕೂತವರೇ, ಕೇಳಿ.

ಚಳ್ಳಕೆರೆ ಕಡೆಯ ಒಂದು ಹಳ್ಳಿಯಲ್ಲಿ ಮೂಡ್ಲಗಿರಿಯಪ್ಪ ಅಂತ ಒಬ್ಬ ಕುರಿ ದಲ್ಲಾಳಿ ಇದ್ದ. ಸಂತೆಯಲ್ಲಿ ಕೊಳ್ಳುವವರಿಗೂ ಮಾರುವವರಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವುದು ಅವನ ಕೆಲಸ. ಅವನ ಮೀಸೆ ಎಷ್ಟು ದೊಡ್ಡದು ಅಂದರೆ ಎರಡು ತುದಿಗೆ ಎರಡು ಮರಿ ಕಟ್ಟಬಹುದಿತ್ತು. ಕಟ್ಟಿದ್ದನ್ನು ನಾನು ನೋಡಿಲ್ಲ, ಅಷ್ಟೆ.

ಆ ಸಂತೆಯಲ್ಲಿ ಬೆಲೆಯ ಮಾತು ಬಾಯಲ್ಲಿ ನಡೆಯುವುದಿಲ್ಲ. ಇಬ್ಬರು ಕೈ ಹಿಡಿದು, ಮೇಲೊಂದು ಟವೆಲ್ ಹೊದಿಸುತ್ತಾರೆ. ಟವೆಲ್ಲಿನೊಳಗೆ ಬೆರಳು ಹಿಡಿದರೆ ಸಾವಿರ, ಗೆಣ್ಣು ಒತ್ತಿದರೆ ನೂರು. ಸುತ್ತ ಎಷ್ಟು ಜನ ನಿಂತಿದ್ದರೂ ಯಾರಿಗೂ ಬೆಲೆ ತಿಳಿಯುವುದಿಲ್ಲ. ಈ ವಿದ್ಯೆಯಲ್ಲಿ ಮೂಡ್ಲಗಿರಿಯಪ್ಪನಿಗೆ ಸಮನಾದವರು ಇರಲಿಲ್ಲ.

ಕುರಿ ಸಾಕುವವಳು ಮಾತ್ರ ಅವನ ಹೆಂಡತಿ ಬೋರಮ್ಮ. ಮೇಯಿಸುವವಳು ಅವಳು, ಮರಿ ಹಾಕಿಸುವವಳು ಅವಳು, ಕಾಲುಬೇನೆ ಬಂದರೆ ಔಷಧಿ ಹಚ್ಚುವವಳು ಅವಳು. ಆದರೆ ಮನೆಯ ದುಡ್ಡಿನ ಸಂಚಿ ಇರುವುದು ಗಂಡನ ಸೊಂಟದಲ್ಲಿ. ಸೋಪು ಬೇಕಾದರೂ ಅವಳು ಅವನ ಮುಂದೆ ಕೈಚಾಚಬೇಕು. ಅವನೋ, ಸಂತೆಯಲ್ಲಿ ಯಾರಾದರೂ "ಭಲೇ ಮೀಸೆ!" ಅಂದರೆ ಸಾಕು, ಅಂದವನಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿ ಬರುತ್ತಿದ್ದ.

ಹೀಗಿರಲು ಅವನ ಬೈಕಿನ ಹಿಂದಿನ ಟೈರು ಸವೆದು ಸವೆದು ಬೋಳುತಲೆಯಾಯಿತು. ಒಂದು ದಿನ ತಿರುವಿನಲ್ಲಿ ಜಾರಿ ಗಂಡ, ಹೆಂಡತಿ, ಒಂದು ಕುರಿ, ಮೂರೂ ರಸ್ತೆಗೆ ಬಿದ್ದವು. ಕುರಿ ಎದ್ದು ಓಡಿಹೋಯಿತು. ಉಳಿದಿಬ್ಬರು ಕುಂಟುತ್ತಾ ಅದನ್ನು ಹಿಡಿದುಕೊಂಡು ಬಂದರು.

"ನಾಳೆನೇ ಹೊಸ ಟೈರು ಹಾಕಿಸು," ಅಂದಳು ಬೋರಮ್ಮ. "ನನ್ನ ಟಗರು ಮಾರಿದ ದುಡ್ಡಿದೆಯಲ್ಲ, ಅದರಲ್ಲೇ ತಗೋ. ಆದರೆ ನೋಡಿಕೊಂಡು ಕೊಡು. ಟೈರು ಕುರಿಯಲ್ಲ. ಬಾಯಿ ತೆಗೆಸಿ ಹಲ್ಲು ನೋಡೋಕಾಗಲ್ಲ."

ಮೂಡ್ಲಗಿರಿಯಪ್ಪನಿಗೆ ರೋಷ ಬಂತು. "ಏಯ್ ಬೋರಿ, ನನಗೆ ಬುದ್ಧಿ ಹೇಳ್ತೀಯಾ? ನನಗೆ ಟೋಪಿ ಹಾಕೋ ಗಂಡು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ, ಇಗೋ ಈ ಸಂಚಿ ಇವತ್ತಿಂದ ನಿನ್ನ ಸೊಂಟಕ್ಕೆ!"

"ಮಾತು ತಪ್ಪಬಾರದು."

"ಮೀಸೆ ಮೇಲೆ ಆಣೆ."

ಮರುದಿನ ಅವನು ಪೇಟೆಯ ಟೈರ್ ಅಂಗಡಿಗಳ ಬೀದಿಗೆ ಹೋದ. ಅಲ್ಲಿ ಸಾಲಾಗಿ ಏಳು ಅಂಗಡಿಗಳಿದ್ದವು. ಸರಿ ಬಿಡಿ, ಇದ್ದದ್ದು ಎರಡೇ, ಎದುರುಬದುರು. ಒಂದು ಪಂಪಣ್ಣನದು, ಇನ್ನೊಂದು ರಹಮತ್ ಸಾಬರದು. ನೆರಳು ಯಾವ ಕಡೆ ಇತ್ತೋ ಆ ಕಡೆಯ ಅಂಗಡಿಗೆ, ಅಂದರೆ ಪಂಪಣ್ಣನದಕ್ಕೆ, ಮೂಡ್ಲಗಿರಿಯಪ್ಪ ಹೊಕ್ಕ. ಟೈರಿನ ಮೇಲೆ ಬೆಲೆಯ ಚೀಟಿ ಇರಲಿಲ್ಲವೇ ಅಂತ ಕೇಳಬೇಡಿ. ಪಂಪಣ್ಣನ ಅಂಗಡಿಗೆ ಬಂದ ದಿನವೇ ಚೀಟಿ ಉದುರಿಹೋಗುವ ಕಾಯಿಲೆ ಅಲ್ಲಿನ ಎಲ್ಲ ಟೈರಿಗೂ ಇತ್ತು.

ಮೂಡ್ಲಗಿರಿಯಪ್ಪ ಒಂದು ಟೈರನ್ನು ಆರಿಸಿದ. ಬೆನ್ನು ಸವರಿದ, ಪಕ್ಕೆ ತಟ್ಟಿದ, ಎತ್ತಿ ತೂಕ ನೋಡಿದ. ಆಮೇಲೆ ಹೆಗಲ ಟವೆಲ್ ತೆಗೆದು ಪಂಪಣ್ಣನ ಕೈ ಮೇಲೆ ಹೊದಿಸಿ, ಒಳಗೆ ಕೈ ಹಾಕಿದ.

ಪಂಪಣ್ಣ ಹೌಹಾರಿದ. "ಏನಣ್ಣ ಇದು? ಕೈ ಬಿಡು, ಜನ ನೋಡ್ತಾರೆ!"

"ನೋಡಲಿ. ನೋಡಿದರೆ ಏನೂ ಕಾಣಬಾರದು, ಅದಕ್ಕೇ ಟವೆಲ್ಲು. ಬೆರಳು ಸಾವಿರ, ಗೆಣ್ಣು ನೂರು. ನಿನ್ನ ಬೆಲೆ ಹೇಳು."

ಪಂಪಣ್ಣ ಸುತ್ತ ನೋಡಿದ. ಪಂಕ್ಚರ್ ಹಾಕಿಸಲು ಇಬ್ಬರು ಗಿರಾಕಿಗಳು ಬೆಂಚಿನ ಮೇಲೆ ಕೂತಿದ್ದರು. ಎದುರಿಗೆ ರಹಮತ್ ಸಾಬರು ಕಿವಿ ಇತ್ತಕಡೆ ಇಟ್ಟುಕೊಂಡೇ ಬೀಡಿ ಸೇದುತ್ತಿದ್ದರು. ಯಾರಿಗೂ ಕೇಳಿಸದ ಬೆಲೆ! ಇಷ್ಟು ವರ್ಷ ಇಂಥದ್ದೊಂದು ಉಪಾಯ ತನಗೆ ಹೊಳೆಯಲಿಲ್ಲವಲ್ಲ ಅಂತ ಪಂಪಣ್ಣನಿಗೆ ಹೊಟ್ಟೆಯೊಳಗೇ ನಗು ಬಂತು. ಅವನು ಮೂರು ಬೆರಳು ಹಿಡಿದ.

ಮೂಡ್ಲಗಿರಿಯಪ್ಪ ತಲೆ ಅಲ್ಲಾಡಿಸಿ ಒಂದು ಬೆರಳು, ಐದು ಗೆಣ್ಣು ಒತ್ತಿದ. ಪಂಪಣ್ಣ ಬರೀ ನಕ್ಕು ಕೈ ಎಳೆದುಕೊಂಡ. ಮೂಡ್ಲಗಿರಿಯಪ್ಪ ಮತ್ತೆ ಹಿಡಿದ. ಹೀಗೆ ಎಳೆದಾಡಿ ಎಳೆದಾಡಿ, ಕೊನೆಗೆ ಎರಡು ಬೆರಳು, ಎಂಟು ಗೆಣ್ಣಿಗೆ ನಿಂತಿತು. ಮೂರು ಸಾವಿರದಿಂದ ಇನ್ನೂರು ಕೆಳಗೆ ಎಳೆದೆ ಅಂತ ಮೂಡ್ಲಗಿರಿಯಪ್ಪ ಮೀಸೆ ತಿರುವಿದ.

"ಹಾಕೋ ಕೂಲಿ ಬೇರೆ ಕೊಡಬೇಕಣ್ಣ," ಅಂದ ಪಂಪಣ್ಣ.

"ಒಪ್ಪಿದ ಮೇಲೆ ಬಾಲ ಬೆಳೆಸ್ತೀಯಾ? ನಿನ್ನ ಕೈಯಲ್ಲಿ ಹಾಕಿಸೋದೇ ಇಲ್ಲ, ಹೋಗು!" ಅಂತ ಸಿಟ್ಟು ಮಾಡಿಕೊಂಡು, ದುಡ್ಡು ಎಸೆದು, ಟೈರನ್ನು ಕೊರಳಿಗೆ ಹಾಕಿಕೊಂಡು, ಅದೇ ಬೋಳು ಟೈರಿನ ಬೈಕಿನಲ್ಲಿ ಮನೆಗೆ ಬಂದ.

"ಎಷ್ಟು ಕೊಟ್ಟೆ?" ಅಂದಳು ಬೋರಮ್ಮ.

"ಇನ್ನೂರು ಉಳಿಸಿದೆ."

"ಉಳಿಸಿದ್ದು ಕೇಳಲಿಲ್ಲ. ಕೊಟ್ಟಿದ್ದು ಎಷ್ಟು?"

"ಎರಡು ಸಾವಿರದ ಎಂಟುನೂರು."

"ಎದುರಂಗಡಿಯಲ್ಲಿ ಎಷ್ಟಂತೆ?"

"ಎದುರಂಗಡಿಯಲ್ಲಿ ಯಾಕೆ ಕೇಳಲಿ? ಟವೆಲ್ಲಿನೊಳಗಿನ ಮಾತು ಹೊರಗೆ ಹೋಗಬಾರದು. ಅದು ವ್ಯಾಪಾರದ ಮರ್ಯಾದೆ."

ಬೋರಮ್ಮ ಟೈರನ್ನು ಒಂದು ಸುತ್ತು ತಿರುಗಿಸಿ ನೋಡಿದಳು. "ಸಂತೆಯಲ್ಲಿ ಟವೆಲ್ಲಿನೊಳಗೆ ಕೈ ಹಾಕಿದರೆ ಯಾರಿಗೆ ಲಾಭ?"

"ರೇಟು ಗೊತ್ತಿದ್ದೋನಿಗೆ."

"ಟೈರಿನ ರೇಟು ಯಾರಿಗೆ ಗೊತ್ತಿತ್ತು? ನಿನಗೋ, ಅವನಿಗೋ?"

ಮೂಡ್ಲಗಿರಿಯಪ್ಪನ ಮೀಸೆಯ ಎಡತುದಿ ಸ್ವಲ್ಪ ಕೆಳಗಿಳಿಯಿತು. ಆದರೂ ಸಂಚಿಯ ಮೇಲೆ ಕೈ ಇಟ್ಟುಕೊಂಡು ಅಂದ, "ನಾನು ಮೋಸ ಹೋಗಿದ್ದೀನಿ ಅನ್ನೋಕೆ ಸಾಕ್ಷಿ ಏನಿದೆ? ತೋರಿಸು, ಕೊಡ್ತೀನಿ."

"ಬೆಳಿಗ್ಗೆ ತೋರಿಸ್ತೀನಿ. ನೀನು ಆ ಬೀದಿಯ ಟೀ ಅಂಗಡಿ ಹತ್ತಿರ ಬೈಕ್ ನಿಲ್ಲಿಸಿ, ತಲೆಗೆ ಟವೆಲ್ ಹೊದ್ದುಕೊಂಡು ಕೂತಿರು. ನಾನು ಕರೆಯೋವರೆಗೂ ಬಾಯಿ ತೆಗೀಬೇಡ."

ಬೆಳಗಾಯಿತು. ಬೋರಮ್ಮ ಟೈರನ್ನು ಮರಿಯನ್ನು ಹೊತ್ತ ಹಾಗೆ ಹೆಗಲ ಮೇಲೆ ಹೊತ್ತು, ಪಂಪಣ್ಣನ ಅಂಗಡಿಯ ಮೆಟ್ಟಿಲ ಹತ್ತಿರ ಇಳಿಸಿದಳು. ಅವಳು ಯಾರು ಅಂತ ಪಂಪಣ್ಣನಿಗೆ ಗೊತ್ತಿಲ್ಲ.

"ಅಣ್ಣಾ, ಹೊಸ ಟೈರು. ಗಾಡಿಗೆ ಹಾಕೇ ಇಲ್ಲ. ತಗೋತೀಯಾ?"

ಪಂಪಣ್ಣ ಬಗ್ಗಿ ನೋಡಿದ. ದಿನಕ್ಕೆ ಎಷ್ಟೋ ಟೈರು ನೋಡುವವನಿಗೆ, ತಾನು ನಿನ್ನೆ ಮಾರಿದ್ದೇ ಇದು ಅಂತ ಹೊಳೆಯಲಿಲ್ಲ. ಮಾರಲು ಬಂದವರ ಮುಂದೆ ಹೇಗೆ ಮುಖ ಮಾಡಬೇಕೋ ಹಾಗೆ ಮಾಡಿದ. ಉಗುರಿನಿಂದ ಕೆರೆದ, ಮೂಸಿದ, ಚ್ಚು ಚ್ಚು ಅಂದ.

"ಇದಾ? ಹಳೇ ಮಾಲು ಕಣಮ್ಮ. ರಬ್ಬರು ಗಟ್ಟಿಯಾಗಿದೆ."

"ಜೋರಾಗಿ ಹೇಳಣ್ಣ, ಲಾರಿ ಸದ್ದು."

"ಹಳೇ ಮಾಲು ಅಂದೆ! ಬಿಸಿಲಿಗೆ ಬಿರುಕು ಬಿಡುತ್ತೆ! ಒಂದು ಸಾವಿರ ಕೊಡ್ತೀನಿ, ಅದೂ ನೀನು ಹೆಣ್ಣುಮಗಳು ಅಂತ!"

ಬೆಂಚಿನ ಮೇಲೆ ಕೂತಿದ್ದ ಗಿರಾಕಿಗಳು ತಿರುಗಿದರು. ಬೋರಮ್ಮ ಗೋಡೆಗೆ ನೇತುಹಾಕಿದ್ದ ಟೈರೊಂದನ್ನು ತೋರಿಸಿದಳು. ಅದೇ ಕಂಪನಿ, ಅದೇ ಅಳತೆ, ಅದೇ ಗೆರೆ.

"ಅದು ಎಷ್ಟಣ್ಣ?"

ಪಂಪಣ್ಣನ ನಾಲಿಗೆ ಅಭ್ಯಾಸಬಲದಿಂದ ಓಡಿತು. "ಅದು ಫಸ್ಟ್ ಕ್ಲಾಸು. ಎರಡು ಸಾವಿರದ ಎಂಟುನೂರು."

"ಅವಳಿಜವಳಿ ಮರಿಗಳು ಕಣಣ್ಣ ಇವೆರಡೂ! ಒಂದಕ್ಕೆ ಸಾವಿರ, ಇನ್ನೊಂದಕ್ಕೆ ಎರಡು ಸಾವಿರದ ಎಂಟುನೂರಾ? ನಿನ್ನ ಗೋಡೆಗೆ ನೇತುಹಾಕಿದರೆ ಟೈರು ಕೊಬ್ಬುತ್ತಾ?"

ಗಿರಾಕಿಗಳು ಗೊಳ್ಳೆಂದರು. ಎದುರಿನಿಂದ ರಹಮತ್ ಸಾಬರು ಬೀಡಿ ಆರಿಸಿ ಎದ್ದು ನಿಂತರು. "ಅಮ್ಮಾ, ಇಲ್ಲಿ ತಗೊಂಡು ಬಾ. ಸಾವಿರದ ಐನೂರು ನಾನು ಕೊಡ್ತೀನಿ."

"ನಿಮ್ಮ ಹತ್ತಿರ ಇಂಥದ್ದು ಕೊಂಡರೆ ಎಷ್ಟು ಸಾಬ್ರೇ?"

"ಎರಡು ಸಾವಿರದ ಮುನ್ನೂರು."

"ಕೇಳಿದ್ಯಾ ಪಂಪಣ್ಣ? ಇವರ ಗೋಡೆ ಸ್ವಲ್ಪ ಬಡಕಲು!"

ಪಂಪಣ್ಣನಿಗೆ ಮೈ ಉರಿಯಿತು. "ನಾನು ಎರಡು ಸಾವಿರದ ನೂರಕ್ಕೆ ಕೊಡ್ತೀನಿ! ನಿನ್ನದನ್ನ ಸಾವಿರದ ಏಳುನೂರಕ್ಕೆ ತಗೋತೀನಿ!"

"ನಾನು ಎರಡು ಸಾವಿರಕ್ಕೇ ಕೊಡ್ತೀನಿ," ಅಂದರು ರಹಮತ್ ಸಾಬರು.

ಬೋರಮ್ಮ ರಸ್ತೆಯ ನಡುವೆ ನಿಂತಿದ್ದಳು. ಇತ್ತಿಂದ ಒಂದು ಕೂಗು, ಅತ್ತಿಂದ ಒಂದು ಕೂಗು. ಕೊಳ್ಳುವ ಬೆಲೆ ಮೇಲೆ ಮೇಲೆ ಹತ್ತಿತು. ಮಾರುವ ಬೆಲೆ ಕೆಳಗೆ ಕೆಳಗೆ ಇಳಿಯಿತು. ಬಸ್ಸಿನವನು ಹಾರ್ನ್ ಹೊಡೆಯುವುದು ಬಿಟ್ಟು ಕಿಟಕಿಯಿಂದ ತಲೆ ಹಾಕಿ ಕೇಳುತ್ತಾ ನಿಂತ. ಇಡೀ ತಾಲ್ಲೂಕೇ ಸೇರಿತ್ತು ಅನ್ನೋಣ ಅಂತಿದ್ದೆ, ಬೇಡ, ಒಂದು ಬಸ್ಸಿನಷ್ಟು ಜನ. ಕೊನೆಗೆ ಕೊಳ್ಳುವ ಬೆಲೆ ಸಾವಿರದ ಎಂಟುನೂರಕ್ಕೂ, ಮಾರುವ ಬೆಲೆ ಸಾವಿರದ ಒಂಬೈನೂರಕ್ಕೂ ಬಂದು ಮುಖಾಮುಖಿ ನಿಂತವು. ಅಲ್ಲಿಂದ ಮುಂದೆ ಇಬ್ಬರೂ ಬಾಯಿ ತೆಗೆಯಲಿಲ್ಲ.

"ಸಾಕು," ಅಂದಳು ಬೋರಮ್ಮ. "ನಡುವೆ ಉಳಿದ ನೂರು ನಿಮ್ಮ ಬೆವರಿಂದು, ನಿಮ್ಮ ಬಾಡಿಗೇದು. ಅದನ್ನ ಕಿತ್ತುಕೊಳ್ಳೋದು ನನಗೆ ಬೇಡ. ಸಾವಿರದ ಒಂಬೈನೂರು ನ್ಯಾಯ." ಆಮೇಲೆ ಟೀ ಅಂಗಡಿಯ ಕಡೆ ತಿರುಗಿ ಕರೆದಳು. "ಬಾರಯ್ಯ ಇಲ್ಲಿ!"

ಮೂಡ್ಲಗಿರಿಯಪ್ಪ ಟವೆಲ್ ಸರಿಸಿ ಎದ್ದು, ಬೈಕ್ ತಳ್ಳಿಕೊಂಡು ಬಂದ. ಆ ಮೀಸೆಯನ್ನು ಕಂಡದ್ದೇ ತಡ, ಪಂಪಣ್ಣನ ಕೈ ತನ್ನಷ್ಟಕ್ಕೇ ಬೆನ್ನ ಹಿಂದೆ ಹೋಯಿತು.

"ನಿನ್ನೆ ಈ ಟೈರು ನೀನೇ ಇವನಿಗೆ ಎರಡು ಸಾವಿರದ ಎಂಟುನೂರಕ್ಕೆ ಮಾರಿದ್ದು ಕಣಪ್ಪ," ಅಂದಳು ಬೋರಮ್ಮ. "ಈಗ ನೀನೇ ಹೇಳು. ಇದು ಫಸ್ಟ್ ಕ್ಲಾಸ್ ಮಾಲಾದರೆ, ನಾಲ್ಕು ಜನರ ಮುಂದೆ ಹಳೇದು, ಬಿರುಕು ಬಿಡುತ್ತೆ ಅಂತ ಯಾಕೆ ಕೂಗಿದೆ? ಹಳೇ ಮಾಲಾದರೆ, ಹಳೇದನ್ನ ಆ ಬೆಲೆಗೆ ಯಾಕೆ ಮಾರಿದೆ? ಯಾವುದಾದರೂ ಒಂದು ಒಪ್ಪಿಕೋ. ನನಗೆ ಯಾವುದಾದರೂ ಸರಿ."

ಪಂಪಣ್ಣ ಬೆಂಚಿನ ಕಡೆ ನೋಡಿದ. ಗಿರಾಕಿಗಳಲ್ಲಿ ಒಬ್ಬ ಆಗಲೇ ಎದ್ದು, ತನ್ನ ಬೈಕನ್ನು ಮೆಲ್ಲಗೆ ರಹಮತ್ ಸಾಬರ ಕಡೆ ತಳ್ಳಿಕೊಂಡು ಹೊರಟಿದ್ದ. ಇನ್ನೊಬ್ಬ ಚಪ್ಪಲಿ ಹಾಕಿಕೊಳ್ಳುತ್ತಿದ್ದ.

"ಏ ಅಣ್ಣಾ, ಎಲ್ಲಿಗೆ, ಕೂತ್ಕೋ!" ಅಂತ ಪಂಪಣ್ಣ ಕೂಗಿ, ಗಲ್ಲಾದಿಂದ ಒಂಬೈನೂರು ತೆಗೆದು ಬೋರಮ್ಮನ ಮುಂದೆ ಹಿಡಿದ. "ಟೈರು ಒಳ್ಳೇದೇ ಕಣಕ್ಕಾ. ಕೆಟ್ಟಿದ್ದು ನನ್ನ ಬಾಯಿ. ಕೂಲಿ ಬೇಡ, ನಾನೇ ಹಾಕಿಕೊಡ್ತೀನಿ."

"ಕೂಲಿ ಯಾಕೆ ಬೇಡ? ಕೈ ಮಸಿ ಮಾಡಿಕೊಳ್ಳೋನಿಗೆ ಕೂಲಿ ಕೊಡಲೇಬೇಕು. ಎಷ್ಟು, ಜೋರಾಗಿ ಹೇಳು."

"ಎಂಬತ್ತು!" ಅಂತ ಪಂಪಣ್ಣ ಎಷ್ಟು ಜೋರಾಗಿ ಕೂಗಿದ ಅಂದರೆ ಬಸ್ಸಿನವನು ಬೆಚ್ಚಿ ಹಾರ್ನ್ ಹೊಡೆದ. ಜನ ಚಪ್ಪಾಳೆ ತಟ್ಟಿದರು.

ಬೋರಮ್ಮ ಗಂಡನ ಮುಂದೆ ಅಂಗೈ ಒಡ್ಡಿದಳು. ಮೂಡ್ಲಗಿರಿಯಪ್ಪ ಸೊಂಟದಿಂದ ಸಂಚಿ ಬಿಚ್ಚಿದ. ಅವನ ಒಳ್ಳೇತನ ಹೇಳಬೇಕು, ಬಿಚ್ಚುವಾಗ ಮುಖ ಗಂಟು ಹಾಕಲಿಲ್ಲ.

"ಏನಯ್ಯ ಮೂಡ್ಲಗಿರಿ, ಸಂಚಿ ಹೋಯ್ತಾ?" ಅಂತ ಸಂತೆಯ ಪರಿಚಯದವನೊಬ್ಬ ಛೇಡಿಸಿದ.

"ಹೋಗಲಿಲ್ಲ ಕಣೋ, ಬಡ್ತಿ ಆಯ್ತು," ಅಂದ ಮೂಡ್ಲಗಿರಿಯಪ್ಪ. "ಇಷ್ಟು ದಿನ ತಪ್ಪು ಸೊಂಟದಲ್ಲಿತ್ತು."

ಬೋರಮ್ಮ ಸಂಚಿಯನ್ನು ಸೊಂಟಕ್ಕೆ ಸಿಗಿಸಿ, ಎಂಬತ್ತು ರೂಪಾಯಿಯನ್ನು ತಾನೇ ಕೊಟ್ಟಳು. ಪಂಪಣ್ಣ ಕಳಚಿದ ಹಳೇ ಟೈರನ್ನು ಮೆಲ್ಲಗೆ ಅಂಗಡಿಯೊಳಗೆ ಉರುಳಿಸಲು ನೋಡಿದ. ಅವಳು ಕಾಲು ಅಡ್ಡ ಇಟ್ಟಳು. ಗೆದ್ದವರ ಕೊರಳಿಗೆ ಹಾರ ಹಾಕುವುದು ಲೋಕದ ಪದ್ಧತಿ. ಬೋರಮ್ಮ ಆ ಬೋಳು ಟೈರನ್ನು ಸೋತ ಗಂಡನ ಕೊರಳಿಗೆ ಹಾಕಿ, ಹಿಂದೆ ಹತ್ತಿ ಕೂತು, "ನಡಿ, ಸಂತೆಗೆ!" ಅಂದಳು. ಹೊಸ ಟೈರು ರಸ್ತೆ ಕಚ್ಚಿಕೊಂಡು ಓಡಿತು. ತಿರುವಿನಲ್ಲಿ ಅವಳು ಗಂಡನನ್ನು ಹಿಡಿದುಕೊಳ್ಳಲೂ ಇಲ್ಲ. ಎರಡು ಕೈಯನ್ನೂ ಸಂಚಿಯ ಮೇಲೆ ಇಟ್ಟುಕೊಂಡಿದ್ದಳು.

ನೀತಿ: ಬೆಲೆ ಗೊತ್ತಿಲ್ಲದವನಿಗೆ ಗುಟ್ಟಿನ ವ್ಯಾಪಾರ ಯಾವತ್ತೂ ನಷ್ಟವೇ. ಕೊಳ್ಳುವ ಮುಂಚೆ, ಅದನ್ನೇ ಮಾರಲು ಬಂದವರ ಹಾಗೆ ಒಮ್ಮೆ ಕೇಳಿ ನೋಡಿ. ನಾಲ್ಕು ಜನರ ಎದುರು ಗಟ್ಟಿಯಾಗಿ ಹೇಳಿ, ಕೊಡುವವನೂ ಕೊಳ್ಳುವವನೂ ತಲೆ ಎತ್ತಿಕೊಂಡು ಹೋಗಬಹುದಾದ ಬೆಲೆಯೇ ನ್ಯಾಯದ ಬೆಲೆ. ಹಾಗೆಯೇ, ದುಡ್ಡಿನ ಸಂಚಿ ಇರಬೇಕಾದದ್ದು ದೊಡ್ಡ ಮೀಸೆಯವರ ಹತ್ತಿರವಲ್ಲ, ಕೇಳಲು ನಾಚದವರ ಹತ್ತಿರ.

ಕಥೆ ಮುಗಿಯಿತು, ನನ್ನ ಟೀ ಲೋಟವೂ ಖಾಲಿಯಾಯಿತು. ಕಥೆಗೆ ನಾನು ಯಾರ ದುಡ್ಡನ್ನೂ ಮುಟ್ಟುವವನಲ್ಲ, ಅದು ನನ್ನ ವ್ರತ. ಆದರೆ ಬೆಳಿಗ್ಗೆ ಅಂಗಿ ಬದಲಾಯಿಸುವಾಗ ಜೇಬಿನಲ್ಲಿದ್ದದ್ದೆಲ್ಲ ಆ ಅಂಗಿಯಲ್ಲೇ ಉಳಿದುಬಿಟ್ಟಿದೆ. ಈ ಟೀ ಒಂದಕ್ಕೆ ನೀವೇ ಕೊಟ್ಟುಬಿಡಿ, ಆಗಬಹುದಾ?