ಮೊದಲು ಕಪ್ಪು ತಂತಿ

ಬಿಳಿಗಲ್ಲೂರಿನ ಬೀದಿಬೀದಿಯಲ್ಲೂ ಡಂಗುರ ಹೊಡೆಸಿದರು. ರಾಜಕುಮಾರಿ ಗೌರಾಂಬೆ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವರು ಬೇಡಿದ್ದನ್ನು ದೊರೆಗಳು ಕೊಡುತ್ತಾರೆ. ಒಂದು ತಪ್ಪಿದರೂ ದೀಪಾವಳಿಯ ಮಾರನೆಯ ದಿನ ಗಲ್ಲು. ಯಾರೂ ಬಿಡಿಸದಿದ್ದರೆ ಅದೇ ದಿನ ವಯರ್‌ಮನ್ ಮಂಚಯ್ಯನಿಗೂ ಗಲ್ಲು.

ಆ ಸೀಮೆಯಲ್ಲಿ ರಾಜರೂ ಇದ್ದರು, ಕರೆಂಟೂ ಇತ್ತು. ಎರಡೂ ಒಟ್ಟಿಗೆ ಹೇಗೆ ಅನ್ನುವವರು ಎದ್ದು ಹೋಗಬಹುದು, ನಾನೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಹಿಂದಿನ ವರ್ಷ ಗೌರಾಂಬೆ ಅರಮನೆಯಲ್ಲಿ ಕೂತು, ಬೆರಳು ಸುಟ್ಟುಕೊಂಡು, ದೀಪಗಳ ಬಣ್ಣ ಬದಲಿಸಿ ಓಡಿಸುವ ಬೋರ್ಡೊಂದನ್ನು ತನ್ನ ಕೈಯಾರೆ ಮಾಡಿದ್ದಳು. ಕೋಟೆಗೋಡೆಯ ಉದ್ದಕ್ಕೂ ದೀಪದ ಸರ ಕಟ್ಟಿದವನು ಮಂಚಯ್ಯ. ಹಬ್ಬದ ಸಂಜೆ ನೆಂಟ ರಾಜರೆಲ್ಲ ಕೂತಿದ್ದಾಗ ಸ್ವಿಚ್ ಹಾಕಿದರೆ ಅರ್ಧ ದೀಪ ಮಂಕಾದವು, ಉಳಿದವು ದೆವ್ವ ಮೆಟ್ಟಿದಂತೆ ಕುಣಿದವು. ಊರು ನಕ್ಕಿತು. ದೊರೆ ಸೋಮರಾಜನ ಮುಖ ಕಪ್ಪಿಟ್ಟಿತು. ಇದು ದ್ರೋಹವೇ ಸರಿ ಎಂದು ಮಂಚಯ್ಯನನ್ನು ನೆಲಮಾಳಿಗೆಗೆ ತಳ್ಳಿಸಿದ. ಗೌರಾಂಬೆ ವರ್ಷವಿಡೀ ಬೋರ್ಡನ್ನು ತಿರುವಿ ನೋಡಿದಳು, ತಪ್ಪು ಸಿಗಲಿಲ್ಲ. ತನ್ನನ್ನು ಕಾಡಿದ ಮೂರು ಸಂಗತಿಗಳನ್ನು ಒಗಟು ಮಾಡಿದಳು. ಒಗಟು ಬಿಡಿಸಿದರೆ ದೋಷವೂ ತಿಳಿಯುತ್ತದೆ, ಅವಕಾಶ ಕೊಡಿ ಎಂದು ತಂದೆಯನ್ನು ಬೇಡಿದಳು. ದೊರೆ ಒಪ್ಪಿದ, ಆದರೆ ಗಲ್ಲನ್ನು ತಾನೇ ಸೇರಿಸಿದ. ದೊಡ್ಡವರ ಒಪ್ಪಿಗೆಗೆ ಬಾಲವೊಂದು ಇದ್ದೇ ಇರುತ್ತದೆ.

ಮೊದಲು ಬಂದವನು ಮಂತ್ರಿಯ ಮಗ. ರಾಜಕುಮಾರಿಯನ್ನೇ ಬೇಡುವ ಆಸೆ ಅವನಿಗೆ. "ಸುಮ್ಮನೆ ನಿಂತಾಗ ಐದು ಮಣ ಹೊರುತ್ತೇನೆ ಅನ್ನುತ್ತಾನೆ. ತಲೆಯ ಮೇಲೆ ಹೊರೆ ಇಟ್ಟ ಕೂಡಲೇ ಕುಸಿಯುತ್ತಾನೆ. ಯಾರವನು?" ಎಂದು ಗೌರಾಂಬೆ ಕೇಳಿದಳು. ಸೋಮಾರಿ ಆಳು ಎಂದು ಅವನು ನಕ್ಕ. ನಗು ಮುಗಿಯುವ ಮೊದಲೇ ಭಟರು ತೋಳು ಹಿಡಿದಿದ್ದರು.

ಆಮೇಲೆ ಹೊರನಾಡಿನ ಪಂಡಿತನೊಬ್ಬ ಬಂದ. ಅವನು ಮೊದಲನೆಯದನ್ನು ಬಿಡಿಸಿದಾಗ ಸಭೆ ಉಸಿರು ಬಿಟ್ಟಿತು. ಎರಡನೆಯದು ಹೀಗಿತ್ತು: "ಒಂದೇ ಪಂಕ್ತಿ. ಮೊದಲ ಎಲೆಗೆ ತುಪ್ಪ, ಕೊನೆಯ ಎಲೆಗೆ ನೀರುಮಜ್ಜಿಗೆ. ಬಡಿಸಿದವನು ಕದಿಯಲಿಲ್ಲ, ಉಂಡವರು ಹೆಚ್ಚು ಉಣ್ಣಲಿಲ್ಲ. ಕೊನೆಯವನ ಪಾಲು ಎಲ್ಲಿ ಹೋಯಿತು?" ಪಂಡಿತ ಬಹಳ ಹೊತ್ತು ಯೋಚಿಸಿ, ಅದು ಅವನ ಹಣೆಬರಹ ಎಂದ. ಅವನನ್ನೂ ನೆಲಮಾಳಿಗೆಗೆ ಕರೆದೊಯ್ದರು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಹಬ್ಬದ ದಿನ ಮಧ್ಯಾಹ್ನ ದೇವೀರಿ ಬಂದಳು. ಮಂಚಯ್ಯನ ಒಬ್ಬಳೇ ಮಗಳು, ಸಂತೆಯ ಮೂಲೆಯಲ್ಲಿ ಕೆಟ್ಟ ದೀಪದ ಸರ ರಿಪೇರಿ ಮಾಡಿ ಬದುಕುತ್ತಿದ್ದವಳು. ಬರುವ ದಾರಿಯಲ್ಲಿ ಕೋಟೆಬಾಗಿಲ ಹತ್ತಿರ ಅವಳು ಏನನ್ನೋ ನೋಡಿದ್ದಳು. ಅದನ್ನು ನೋಡಿದ ಮೇಲೆ ಭಯ ಹೆಚ್ಚಾಗಿತ್ತೇ ಹೊರತು ಕಡಿಮೆಯಾಗಿರಲಿಲ್ಲ.

ಮೊದಲ ಒಗಟಿಗೆ ಅವಳು, ಅದು ಕರೆಂಟು ಕೊಡುವ ಅಡಾಪ್ಟರು ಎಂದಳು. ದೀಪ ಜೋಡಿಸದೆ ಮೀಟರು ಹಿಡಿದರೆ ಪೂರ್ತಿ ಐದು ವೋಲ್ಟು ತೋರಿಸುತ್ತದೆ, ಎಲ್ಲ ದೀಪ ಹೊತ್ತಿಸಿದರೆ ಇಳಿದುಹೋಗುತ್ತದೆ. ಹೊರೆ ಹೊರಿಸಿಯೇ ಅಳೆಯಬೇಕು. ಎರಡನೆಯದಕ್ಕೆ, ಕೊನೆಯವನ ಪಾಲನ್ನು ತಿಂದದ್ದು ದಾರಿ ಎಂದಳು. ಉದ್ದನೆಯ ಸಪೂರ ತಂತಿ ಸಾಗುತ್ತಾ ಸಾಗುತ್ತಾ ತಾನೇ ಕರೆಂಟಿನ ಬಲ ತಿನ್ನುತ್ತದೆ. ಪಂಕ್ತಿಯ ಆ ತುದಿಯಿಂದಲೂ ಬಡಿಸಿದರೆ ಸರಿಹೋಗುತ್ತದೆ. ಗೌರಾಂಬೆಯ ಕಣ್ಣು ತುಂಬಿತು.

"ಅಕ್ಕಪಕ್ಕದ ಮನೆಯವರು ಇಬ್ಬರು," ಎಂದಳು ಗೌರಾಂಬೆ. "ಇಬ್ಬರಿಗೂ ಹೊಟ್ಟೆ ತುಂಬಿದೆ. ಒಬ್ಬ ಹೇಳಿದ್ದೊಂದು, ಇನ್ನೊಬ್ಬ ತಿಳಿದದ್ದೊಂದು. ಹೇಳಿದವನು ಸುಳ್ಳನಲ್ಲ, ಕೇಳಿದವನು ಕಿವುಡನಲ್ಲ. ಇವರಿಗೆ ಏನು ಕೊರತೆ?"

ಭಟರು ಒಂದು ಹೆಜ್ಜೆ ಮುಂದೆ ಬಂದರು. ದೇವೀರಿಗೆ ಉತ್ತರ ಗೊತ್ತಿತ್ತು, ಆದರೆ ಅದನ್ನು ಹೇಳಿದರೆ ತಪ್ಪು ಅಪ್ಪನ ತಲೆಗೇ ಬರುವಂತಿತ್ತು.

"ಇಬ್ರೂ ನಿಂತಿರೋ ನೆಲ ಒಂದಲ್ಲ ಬುದ್ಧಿ," ಎಂದಳು ಕೊನೆಗೆ. "ಒಬ್ಬ ಮಾಳಿಗೆ ಮೇಲೆ ನಿಂತು ಸೊಂಟದೆತ್ತರ ಅಂತಾನೆ. ಇನ್ನೊಬ್ಬ ಹಳ್ಳದಲ್ಲಿ ನಿಂತು ತನ್ನ ಸೊಂಟ ನೋಡ್ಕೋತಾನೆ. ಬೋರ್ಡಿಗೆ ಅರಮನೆ ಕರೆಂಟು, ದೀಪಕ್ಕೆ ಊರಿನ ಕರೆಂಟು. ಕರೆಂಟು ತರೋ ಕೆಂಪು ತಂತಿ ಬೇರೆಬೇರೆ ಇರ್ಬೇಕು, ನೆಲ ಇದ್ದಂಗಿರೋ ಕಪ್ಪು ತಂತಿ ಮಾತ್ರ ಒಂದಾಗ್ಬೇಕು. ಇಲ್ದಿದ್ರೆ ಬೋರ್ಡು ಹೇಳಿದ್ದು ದೀಪಕ್ಕೆ ತಿಳಿಯಾಕಿಲ್ಲ."

"ಹಾಗಾದರೆ ನಿನ್ನಪ್ಪ ಕಟ್ಟದೆ ಬಿಟ್ಟ," ಎಂದ ದೊರೆ.

"ನಮ್ಮಪ್ಪ ಮೊದಲು ಕಟ್ಟೋದೇ ಕಪ್ಪು ತಂತಿ. ಗಂಟಿನ ಮೇಲೆ ಪಂಚೆಯ ಚಿಂದಿ ಸುತ್ತೋದು ಅವನೊಬ್ಬನೇ. ಆ ಗಂಟು ಕೋಟೆಬಾಗಿಲಲ್ಲಿ ಇನ್ನೂ ಹಂಗೇ ಐತೆ. ಅದರ ಪಕ್ಕದಲ್ಲಿ ತಂತೀನ ಯಾರೋ ಇಕ್ಕಳದಲ್ಲಿ ಕತ್ತರಿಸವ್ರೆ."

ದೊರೆ ತನ್ನ ಕೈ ನೋಡಿಕೊಂಡ. ಅರಮನೆಯ ತಂತಿ ಊರಿನ ತಂತಿಯನ್ನು ಮುಟ್ಟಬಾರದು ಎನ್ನುವುದು ಅವನ ಮನೆತನದ ಕಟ್ಟಳೆ. ಹೋದ ಹಬ್ಬದ ಮಧ್ಯಾಹ್ನ ಬಾಗಿಲಲ್ಲಿ ನಿಂತು, ಇದನ್ನು ಕತ್ತರಿಸಿ ಎಂದು ಬೆರಳು ಮಾಡಿದ್ದು ಅದೇ ಕೈ. ಮಂಚಯ್ಯ ಆಗ ಗೋಡೆಯ ಮೇಲಿದ್ದ, ಅವನಿಗೆ ಗೊತ್ತೇ ಆಗಿರಲಿಲ್ಲ.

ಕೈ ಇಳಿಸಿ ದೊರೆ, "ಏನು ಬೇಕು ಕೇಳಮ್ಮ," ಎಂದ. ಅರ್ಧ ರಾಜ್ಯ ಕೇಳಿದ್ದರೂ ಕೊಡುತ್ತಿದ್ದನೇನೋ. ಅವಳು ಕೇಳಿದ್ದು ನೆಲಮಾಳಿಗೆಯ ಮೂವರ ಬಿಡುಗಡೆಯನ್ನು. ಜೊತೆಗೆ ಇನ್ನೊಂದು ಮಾತು: ಕತ್ತರಿಸಿದವರೇ ಕಟ್ಟಬೇಕು.

ಸಂಜೆಗೆ ಗೌರಾಂಬೆ ದೊಡ್ಡ ಅಡಾಪ್ಟರು ತಂದಳು. ದೇವೀರಿ ಸರದ ಆ ತುದಿಗೂ ತಂತಿ ಎಳೆದಳು. ಕೋಟೆಬಾಗಿಲಲ್ಲಿ ಊರಿನವರ ನಡುವೆ ದೊರೆ ಮೊಣಕಾಲೂರಿ ಕೂತು ಗಂಟು ಹಾಕಿದ. ಎರಡು ಸಲ ಜಾರಿತು, ಈ ಸಲ ಯಾರೂ ನಗಲಿಲ್ಲ.

ಮಂಚಯ್ಯನನ್ನು ಕರೆತಂದಾಗ ಗೋಡೆಯ ಉದ್ದಕ್ಕೂ ದೀಪಗಳು ಸಾಲಾಗಿ ಓಡುತ್ತಿದ್ದವು. ವರ್ಷವಿಡೀ ಕತ್ತಲೆ ಕಂಡ ಕಣ್ಣನ್ನು ಅವನಿಗೆ ತೆರೆಯಲಾಗಲಿಲ್ಲ. ಬೆರಳುಗಳು ಮಡಚಿಕೊಂಡಿದ್ದವು, ಇನ್ನು ಅವು ತಂತಿ ಹೊಸೆಯಲಾರವು ಎಂದು ದೇವೀರಿಗೆ ಮುಟ್ಟಿದೊಡನೆ ತಿಳಿದು ಸಂಕಟವಾಯಿತು.

"ಸರಿಯಾಗಿ ಓಡ್ತಾ ಇದಾವಾ ಮಗ? ಮೊದಲು ಕಪ್ಪು ಕಟ್ಟಿದ್ಯಾ?"

"ಕಟ್ಟಿದ್ದು ದೊರೆಗಳು ಅಪ್ಪ," ಎಂದಳು ದೇವೀರಿ. "ನಾನು ಚಿಂದಿ ಸುತ್ತಿದೆ."